ಮನೆಯಿಂದ ಹುಡುಕಿದರೆ ಲೇಖನಕ್ಕೆ ಹಣ ಕೇಳುತ್ತದೆ, ಏಕೆ?

ಪ್ರಶ್ನೆ: ಬೆಂಗಳೂರಿನ ವಿಶ್ವವಿದ್ಯಾಲಯವೊಂದರಲ್ಲಿ ಎಂ.ಎ. ಓದುತ್ತಿದ್ದೇನೆ. ವಚನಗಳ ಇಂಗ್ಲಿಷ್ ಅನುವಾದಗಳ ಬಗ್ಗೆ ಕಿರುಪ್ರಬಂಧ ಬರೆಯಬೇಕಿದೆ. ಗೂಗಲ್‌ನಲ್ಲಿ ಸಿಗುವ ಲೇಖನಗಳು ಮೊದಲ ಪುಟ ತೋರಿಸಿ ಹಣ ಕೇಳುತ್ತವೆ. ಗ್ರಂಥಾಲಯದ ಮೂಲಕ ಹೋದರೆ ಉಚಿತ ಎನ್ನುತ್ತಾರೆ. ಹಾಗೆ ಹೋದಾಗ ಸಿಕ್ಕಿದ್ದು ನಾಲ್ಕೈದು ಫಲಿತಾಂಶ ಮಾತ್ರ. ಹುಡುಕುವ ಸರಿಯಾದ ಕ್ರಮ ಯಾವುದು?

ಉತ್ತರ: ಮೊದಲಿಗೆ, ಹಣ ಕೇಳಿದ ಕೂಡಲೇ ಕಾರ್ಡ್ ಹೊರತೆಗೆಯಬೇಡಿ. ಅದೇ ಲೇಖನಕ್ಕೆ ನಿಮ್ಮ ವಿಶ್ವವಿದ್ಯಾಲಯ ಆಗಲೇ ಚಂದಾ ಕಟ್ಟಿರಬಹುದು. ಪ್ರಕಾಶಕರ ಸರ್ವರ್‌ಗೆ ನೀವು ಯಾರೆಂದು ತಿಳಿಯದು. ಅದು ನೋಡುವುದು ನಿಮ್ಮ ಐಪಿ ವಿಳಾಸವನ್ನು. ಕ್ಯಾಂಪಸ್ಸಿನ ಜಾಲದಿಂದ ಹೋದರೆ ಲೇಖನ ತೆರೆಯುತ್ತದೆ, ರಾಜಾಜಿನಗರದ ಮನೆಯ ವೈಫೈನಿಂದ ಹೋದರೆ ಬೆಲೆ ಕಾಣುತ್ತದೆ. ಜ್ಞಾನಭಾರತಿ ಕ್ಯಾಂಪಸ್ಸಿನ ಮರದ ನೆರಳಿನಲ್ಲೇ ಕುಳಿತಿದ್ದರೂ ಫೋನು ಮೊಬೈಲ್ ಡೇಟಾದಲ್ಲಿದ್ದರೆ ನೀವು ಸರ್ವರ್‌ನ ಪಾಲಿಗೆ ಹೊರಗಿನವರೇ. ಇದನ್ನು ಗಮನಿಸದೆ ಗ್ರಂಥಪಾಲಕರನ್ನು ಬೈಯುವವರು ಬಹಳ ಮಂದಿ.

ಮನೆಯಿಂದ ಹುಡುಕುವುದಾದರೆ ಗೂಗಲ್‌ನಿಂದ ಹೊರಡಬೇಡಿ, ಗ್ರಂಥಾಲಯದ ಜಾಲತಾಣದಲ್ಲಿರುವ ಇ-ಸಂಪನ್ಮೂಲಗಳ ಪುಟದಿಂದ ಹೊರಡಿ. ಅಲ್ಲಿ ಕ್ಯಾಂಪಸ್ಸಿನ ಹೊರಗಿನಿಂದ ಪ್ರವೇಶಿಸಲು (ರಿಮೋಟ್ ಆಕ್ಸೆಸ್) ಲಾಗಿನ್ ಇರುತ್ತದೆ. ಹಲವು ವಿಶ್ವವಿದ್ಯಾಲಯಗಳು ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಜೋಡಿಸುವ, ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ‘ಇನ್‌ಫೆಡ್’ ವ್ಯವಸ್ಥೆಯನ್ನು ಬಳಸುತ್ತವೆ: ಪ್ರಕಾಶಕರ ಪುಟದಲ್ಲಿ ‘ಸಂಸ್ಥೆಯ ಮೂಲಕ ಪ್ರವೇಶ’ ಆರಿಸಿ, ಪಟ್ಟಿಯಲ್ಲಿ ನಿಮ್ಮ ಸಂಸ್ಥೆಯ ಹೆಸರು ಹುಡುಕಿ, ಗ್ರಂಥಾಲಯ ಕೊಟ್ಟ ಬಳಕೆದಾರ ಹೆಸರನ್ನು ನಮೂದಿಸಬೇಕು. ಆ ಹೆಸರು ಮತ್ತು ಪಾಸ್‌ವರ್ಡ್ ತಾವಾಗಿಯೇ ನಿಮ್ಮ ಕೈಗೆ ಬರುವುದು ಅಪರೂಪ. ಗ್ರಂಥಾಲಯದ ಕೌಂಟರಿಗೆ ಹೋಗಿ ಕೇಳಿ ಪಡೆಯಿರಿ.

2025ರ ಜನವರಿ 1ರಿಂದ ಸಂಸ್ಥೆಗಳ ಪರವಾಗಿ ಕೇಂದ್ರ ಸರ್ಕಾರವೇ ಚಂದಾ ಕಟ್ಟುವ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ ಜಾರಿಯಲ್ಲಿದೆ. ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಇ-ನಿಯತಕಾಲಿಕಗಳು. ಕೇಂಬ್ರಿಜ್, ಆಕ್ಸ್‌ಫರ್ಡ್, ಸೇಜ್, ಟೇಲರ್ ಅಂಡ್ ಫ್ರಾನ್ಸಿಸ್ ಇದರಲ್ಲಿವೆ. ಆದರೆ ಮೊದಲ ಹಂತ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. ಬೀದಿಗೊಂದು ಖಾಸಗಿ ಕಾಲೇಜು ಇರುವ ಬೆಂಗಳೂರಿನಲ್ಲಿ ಇದು ಸಣ್ಣ ಕೊರತೆಯಲ್ಲ. ನೀವು ಖಾಸಗಿ ಸಂಸ್ಥೆಯವರಾದರೆ ವಿದ್ವತ್‌ಪತ್ರಿಕೆಗಳ ಆನ್‌ಲೈನ್ ಭಂಡಾರವಾದ ಜೆಸ್ಟೋರ್‌ನಲ್ಲಿ ಸ್ವಂತ ಖಾತೆ ತೆರೆಯಿರಿ. ಇಳಿಸಿಕೊಳ್ಳಲು ಬಾರದಿದ್ದರೂ ತಿಂಗಳಿಗೆ 100 ಲೇಖನಗಳವರೆಗೆ ಪರದೆಯ ಮೇಲೆ ಉಚಿತವಾಗಿ ಓದಬಹುದು.

ಎಲ್ಲ ದತ್ತಸಂಚಯಗಳೂ (ಡೇಟಾಬೇಸ್) ಒಂದೇ ಬಗೆಯವಲ್ಲ. 1995ರಲ್ಲಿ ಆರಂಭವಾದ ಜೆಸ್ಟೋರ್‌ನಲ್ಲಿ ಪೂರ್ಣಪಾಠ ಸಿಗುತ್ತದೆ. ಸಾಹಿತ್ಯ ಅಕಾಡೆಮಿಯ ‘ಇಂಡಿಯನ್ ಲಿಟರೇಚರ್’ ಪತ್ರಿಕೆಯ ಹಳೆಯ ಸಂಚಿಕೆಗಳು ಅಲ್ಲಿವೆ, ನಿಮ್ಮ ವಿಷಯಕ್ಕೆ ಅವು ಬೇಕೇ ಬೇಕು. ಆದರೆ ಅಲ್ಲಿನ ಅನೇಕ ಪತ್ರಿಕೆಗಳ ಇತ್ತೀಚಿನ ಮೂರರಿಂದ ಐದು ವರ್ಷಗಳ ಸಂಚಿಕೆಗಳು ಇರುವುದಿಲ್ಲ. ಜೆಸ್ಟೋರ್ ಒಂದನ್ನೇ ನಂಬಿದರೆ ನಿಮ್ಮ ಚರ್ಚೆ ಹಳತಾಗುತ್ತದೆ. 1921ರಿಂದ ನಡೆದುಬಂದಿರುವ ಅಮೆರಿಕದ ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್ನಿನ (ಎಂಎಲ್‌ಎ) ಅಂತರರಾಷ್ಟ್ರೀಯ ಗ್ರಂಥಸೂಚಿ ಇನ್ನೊಂದು ಬಗೆಯದು. ಅದು ಮುಖ್ಯವಾಗಿ ಸೂಚಿ, ದರ್ಶಿನಿಯ ಗೋಡೆಯ ಮೇಲಿನ ತಿಂಡಿಪಟ್ಟಿಯ ಹಾಗೆ. ಅಲ್ಲಿ ಕಂಡ ಲೇಖನವನ್ನು ತರಿಸಿಕೊಳ್ಳಲು ‘ಪೂರ್ಣಪಾಠ ಹುಡುಕಿ’ ಗುಂಡಿ ಒತ್ತಬೇಕು. ಅದೂ ಕೈಕೊಟ್ಟರೆ ಗ್ರಂಥಾಲಯಗಳ ಜಾಲವಾದ ಡೆಲ್ನೆಟ್ ಮೂಲಕ ಬೇರೆ ಗ್ರಂಥಾಲಯದಿಂದ ತರಿಸಿಕೊಡಿ ಎಂದು ನಿಮ್ಮ ಗ್ರಂಥಪಾಲಕರನ್ನು ಕೇಳಿ.

ಇನ್ನು ನಾಲ್ಕೈದೇ ಫಲಿತಾಂಶದ ಸಂಗತಿ. ನೀವು ಬಹುಶಃ ‘ವಚನ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ, ನಾವೆಲ್ಲ ಮೊಬೈಲಿನಲ್ಲಿ ಬರೆಯುವಂತೆ, ಚಕಾರಕ್ಕೆ ‘ಸಿ’ ಮತ್ತು ‘ಎಚ್’ ಸೇರಿಸಿ ಟೈಪ್ ಮಾಡಿದ್ದೀರಿ. ಸಂಸ್ಕೃತದ ಲಿಪ್ಯಂತರ ಪದ್ಧತಿಯವರು ‘ಎಚ್’ ಹಾಕುವುದಿಲ್ಲ. 1973ರಲ್ಲಿ ಪ್ರಕಟವಾದ ಎ.ಕೆ. ರಾಮಾನುಜನ್ ಅವರ ‘ಸ್ಪೀಕಿಂಗ್ ಆಫ್ ಶಿವ’ದಲ್ಲಿರುವುದು ಈ ‘ಎಚ್’ ಇಲ್ಲದ ರೂಪವೇ. ಆ ಪುಸ್ತಕವನ್ನು ಬಿಟ್ಟು ನಿಮ್ಮ ಪ್ರಬಂಧ ನಡೆಯುವುದಿಲ್ಲ, ಅದನ್ನು ಚರ್ಚಿಸಿದ ಹಲವು ಲೇಖನಗಳ ಕಾಗುಣಿತವೂ ಅದೇ. ‘ವೀರಶೈವ’ದ ಶಕಾರವನ್ನು ಒಬ್ಬರು ‘ಎಸ್‌ಎಚ್’ ಎಂದರೆ ಇನ್ನೊಬ್ಬರು ಬರೀ ‘ಎಸ್’ ಎನ್ನುತ್ತಾರೆ, ಮತ್ತೊಬ್ಬರು ‘ಲಿಂಗಾಯತ’ ಎಂದೇ ಬರೆಯುತ್ತಾರೆ. ಬಸವ, ಬಸವಣ್ಣ, ಬಸವೇಶ್ವರ ಎಲ್ಲರೂ ಯಂತ್ರಕ್ಕೆ ಬೇರೆ ಬೇರೆ ವ್ಯಕ್ತಿಗಳು. ಬೇಂದ್ರೆಯವರನ್ನು ಅಂಬಿಕಾತನಯದತ್ತ ಎಂದೂ, ಕುವೆಂಪು ಅವರನ್ನು ಪುಟ್ಟಪ್ಪ ಎಂದೂ ಹುಡುಕಬೇಕಾದೀತು. ನೂರು ವರ್ಷ ಹಿಂದಿನ ಇಂಗ್ಲಿಷ್ ಲೇಖನಗಳಲ್ಲಿ ನಮ್ಮ ಭಾಷೆಯೇ ‘ಕೆನರೀಸ್’.

ಆದ್ದರಿಂದ ಸಾಧ್ಯವಿರುವ ರೂಪಗಳನ್ನೆಲ್ಲ ಕಂಸದೊಳಗೆ ಹಾಕಿ, ನಡುವೆ ಇಂಗ್ಲಿಷಿನ ‘ಆರ್’ ಪದವನ್ನು ದೊಡ್ಡಕ್ಷರದಲ್ಲಿ ಬರೆಯಿರಿ. ಕಂಸದ ಹೊರಗೆ ‘ಆಂಡ್’ ಹಾಕಿ ‘ಅನುವಾದ’ಕ್ಕೆ ಇಂಗ್ಲಿಷಿನಲ್ಲಿರುವ ಪದವನ್ನು ಸೇರಿಸಿ. ಆ ಪದದ ಕೊನೆಯ ಅಕ್ಷರಗಳನ್ನು ಬಿಟ್ಟು ನಕ್ಷತ್ರ ಚಿಹ್ನೆ ಇಟ್ಟರೆ ಅನುವಾದ, ಅನುವಾದಕ, ಅನುವಾದಿತ ಎಲ್ಲವೂ ಒಂದೇ ಬಲೆಗೆ ಬೀಳುತ್ತವೆ. ಸಾಲು ನೋಡಲು ವಿಕಾರವಾಗಿರುತ್ತದೆ, ಇರಲಿ.

ಕೆಲವೊಮ್ಮೆ ಉಲ್ಟಾ ಕಷ್ಟವೂ ಬರುತ್ತದೆ. ‘ಪಂಪ’ ಎಂದು ಹಾಕಿ ನೋಡಿ: ಆದಿಕವಿಯ ಬದಲು ಅರ್ಜೆಂಟೀನಾದ ಹುಲ್ಲುಗಾವಲು ಎದುರಾಗುತ್ತದೆ. ಜೊತೆಗೆ ‘ಕನ್ನಡ’ ಎಂದು ಸೇರಿಸಿದರೆ ದನಗಾಹಿಗಳು ಹಿಂದೆ ಸರಿಯುತ್ತಾರೆ. ಹೀಗೆ ಒಂದು ಒಳ್ಳೆಯ ಲೇಖನ ಸಿಕ್ಕ ಮೇಲೆ ಅದರ ದಾಖಲೆ ತೆರೆದು ವಿಷಯ ಶೀರ್ಷಿಕೆಗಳನ್ನು ನೋಡಿ. ಸೂಚಿ ತಯಾರಿಸಿದವರು ನಿಮ್ಮ ವಿಷಯವನ್ನು ಯಾವ ಹೆಸರಿನಲ್ಲಿ ಕರೆದಿದ್ದಾರೆಂದು ಅಲ್ಲಿ ಗೊತ್ತಾಗುತ್ತದೆ. ಅದನ್ನು ಒತ್ತಿದರೆ ಕಾಗುಣಿತದ ಜಗಳವಿಲ್ಲದೆ ಅದೇ ವಿಷಯದ ಉಳಿದ ಲೇಖನಗಳು ಬರುತ್ತವೆ.

ಇಷ್ಟಾದರೂ ಕನ್ನಡದಲ್ಲೇ ಬರೆದ ವಿಮರ್ಶೆ ಈ ದತ್ತಸಂಚಯಗಳಲ್ಲಿ ಹೆಚ್ಚುಕಡಿಮೆ ಇಲ್ಲ. ‘ಈ ವಿಷಯದ ಬಗ್ಗೆ ಯಾರೂ ಬರೆದಿಲ್ಲ’ ಎಂಬ ವಾಕ್ಯವನ್ನು ಪ್ರಬಂಧದ ಮೊದಲ ಪುಟದಲ್ಲಿ ನೋಡಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಶೋಧಗಂಗಾ ನೋಡಿ. ಪಿಎಚ್‌ಡಿ ಪ್ರಬಂಧಗಳ ಈ ಭಂಡಾರಕ್ಕೆ ಲಾಗಿನ್ ಬೇಕಿಲ್ಲ. ಆದರೆ ‘ನುಡಿ’ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಟೈಪಾದ ಕನ್ನಡ ಪ್ರಬಂಧದ ಒಳಪುಟಗಳು ಯುನಿಕೋಡ್ ಹುಡುಕಾಟಕ್ಕೆ ಸಿಗುವುದಿಲ್ಲ. ಶೀರ್ಷಿಕೆಯನ್ನು ಕನ್ನಡ ಲಿಪಿಯಲ್ಲೂ ರೋಮನ್ ಲಿಪಿಯಲ್ಲೂ ಹುಡುಕಿ. ಅಧ್ಯಾಯಗಳು ಬೇರೆ ಬೇರೆ ಕಡತಗಳಾಗಿರುತ್ತವೆ. ಮೊದಲು ಕೊನೆಯ ಕಡತದ ಗ್ರಂಥಋಣವನ್ನು ತೆರೆಯಿರಿ. ಹಳೆಯ ಕನ್ನಡ ಪುಸ್ತಕಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಸಾಕಷ್ಟಿವೆ, ಆದರೆ ಎಷ್ಟೋ ಶೀರ್ಷಿಕೆಗಳನ್ನು ಯಾರೋ ಅವಸರದಲ್ಲಿ ರೋಮನ್ ಲಿಪಿಗೆ ಇಳಿಸಿದ್ದಾರೆ. ‘ಪ್ರಬುದ್ಧ ಕರ್ಣಾಟಕ’, ‘ಪರಿಷತ್ ಪತ್ರಿಕೆ’ಯಂಥವುಗಳ ಹಳೆಯ ಸಂಪುಟಗಳಿಗಾಗಿ ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತಿನ ಗ್ರಂಥಾಲಯದಲ್ಲಿ ವಿಚಾರಿಸಿ. ಹೋಗುವಾಗ ಶೋಧಗಂಗಾದ ಗ್ರಂಥಋಣಗಳಿಂದ ಸಂಪುಟ, ಸಂಚಿಕೆ, ಪುಟಸಂಖ್ಯೆ ಬರೆದುಕೊಂಡು ಹೋಗಿ. ಬರೀ ‘ವಚನದ ಬಗ್ಗೆ ಏನಾದರೂ ಇದೆಯೇ’ ಎಂದು ಕೇಳಿದರೆ ಒಂದು ಇಡೀ ಕಪಾಟನ್ನೇ ತೋರಿಸುತ್ತಾರೆ.