ಬಾಗಿಲ ಬೀಡಿಂಗ್ ಹೊಸದಾದರೂ ಕಾರಿನೊಳಗೆ ನೀರು ಬರುವುದೇಕೆ?

ಓದುಗರ ಪ್ರಶ್ನೆ: ಜೋರು ಮಳೆ ಬಂದಾಗ, ಕಾರು ತೊಳೆದಾಗ ಮುಂದಿನ ಬಾಗಿಲ ಪಕ್ಕದ ಕಾರ್ಪೆಟ್ ಒದ್ದೆಯಾಗುತ್ತದೆ. ಬಾಗಿಲ ಸುತ್ತಲಿನ ರಬ್ಬರ್ ಬೀಡಿಂಗ್ ಹೊಸದು ಹಾಕಿಸಿದ್ದಾಯಿತು, ಗಾಜಿನ ಬುಡದ ರಬ್ಬರ್ ಪಟ್ಟಿಯನ್ನೂ ಬದಲಿಸಿದ್ದಾಯಿತು. ಆದರೂ ನೀರು ನಿಂತಿಲ್ಲ. ಎಲ್ಲಿಂದ ಬರುತ್ತಿದೆ? ನಾವೇ ಸರಿಪಡಿಸಿಕೊಳ್ಳಬಹುದೇ?

ಉತ್ತರ: ಸರಿಪಡಿಸಿಕೊಳ್ಳಬಹುದು. ಬೀಡಿಂಗ್ ಬದಲಿಸಿದ ಮೇಲೂ ನೀರು ಬರುತ್ತಿದೆ ಎಂದರೆ, ಅದು ಬಾಗಿಲ ಅಂಚಿನಿಂದಲ್ಲ, ಬಾಗಿಲ ಹೊಟ್ಟೆಯಿಂದಲೇ ಒಳಗೆ ಬರುತ್ತಿರುವ ಸಾಧ್ಯತೆ ಹೆಚ್ಚು. ಅದನ್ನು ತಡೆಯಬೇಕಾದದ್ದು ಡೋರ್ ಪ್ಯಾಡ್ (ಬಾಗಿಲ ಒಳಮೈಗೆ ಹಾಕಿರುವ ಹೊದಿಕೆ) ಹಿಂದೆ ಅಂಟಿಸಿರುವ ಒಂದು ಶೀಟು. ಅದು ಕಣ್ಣಿಗೆ ಬೀಳುವುದಿಲ್ಲ, ಆದ್ದರಿಂದಲೇ ಯಾರ ಅನುಮಾನವೂ ಅದರ ಮೇಲೆ ಹೋಗುವುದಿಲ್ಲ.

ಕಾರಿನ ಬಾಗಿಲು ನೀರನ್ನು ಹೊರಗೇ ತಡೆಯುವಂತೆ ಮಾಡಿದ್ದಲ್ಲ, ಒಳಗೆ ಬಂದ ನೀರನ್ನು ಕೆಳಗೆ ಸಾಗಹಾಕುವಂತೆ ಮಾಡಿದ್ದು. ಇದೊಂದು ಗೊತ್ತಾದರೆ ಮುಂದಿನದೆಲ್ಲ ಸುಲಭ. ಬಾಗಿಲು ಒಂದು ಟೊಳ್ಳು ಡಬ್ಬಿ. ಹೊರಗೆ ಬಣ್ಣ ಹೊಡೆದ ತಗಡು, ಒಳಗೆ ದೊಡ್ಡ ದೊಡ್ಡ ತೂತುಗಳಿರುವ ಇನ್ನೊಂದು ತಗಡು, ಇವೆರಡರ ನಡುವೆ ಗಾಜು ಇಳಿಯುತ್ತದೆ. ಗಾಜಿನ ಬುಡದ ರಬ್ಬರ್ ಪಟ್ಟಿ ಗಾಜನ್ನು ಒರೆಸುತ್ತದೆ, ಅಷ್ಟೇ. ನೀರು ಹೋಗದಷ್ಟು ಬಿಗಿಯಾಗಿದ್ದರೆ ಗಾಜು ಏರಿಳಿಯುವುದೇ ಇಲ್ಲ. ಹಾಗಾಗಿ ಶೋರೂಮಿನಿಂದ ಆಗಷ್ಟೇ ಬಂದ ಕಾರಿನಲ್ಲೂ ಮಳೆನೀರು ಗಾಜಿನ ಮೈಯ ಮೇಲೆ ಜಾರಿ ಬಾಗಿಲೊಳಗೆ ಇಳಿಯುತ್ತದೆ, ತಳದ ಅಂಚಿನಲ್ಲಿರುವ ಎರಡು ಮೂರು ತೂತುಗಳಿಂದ ಹೊರಗೆ ಹೋಗುತ್ತದೆ. ಗಾಜಿನ ಬುಡವನ್ನು ಸಿಲಿಕೋನ್ ಬಳಿದು ಮುಚ್ಚಲು ಹೊರಡುವುದು ಈ ಕಾರಣಕ್ಕೇ ವ್ಯರ್ಥ.

ಬಾಗಿಲೊಳಗೆ ಇಳಿಯುವ ನೀರು ನೇರವಾಗಿ ತಳಕ್ಕೆ ಬೀಳುವುದಿಲ್ಲ. ಗಾಜನ್ನು ಎತ್ತುವ ಯಂತ್ರ, ಲಾಕಿನ ಕಡ್ಡಿ, ವೈರುಗಳು ಎಲ್ಲವೂ ಒಳತಗಡಿಗೆ ತಾಗಿಕೊಂಡಿರುತ್ತವೆ, ಅವುಗಳ ಮೇಲೆ ಬಿದ್ದ ಹನಿ ಅವನ್ನೇ ಹಿಡಿದುಕೊಂಡು ಒಳಕ್ಕೆ ಹರಿಯುತ್ತದೆ. ಒಳತಗಡಿನ ತೂತುಗಳ ಮೇಲೆ ಹರಡಿ ಅಂಟಿಸಿರುವ ಶೀಟು ಆ ಹನಿಗಳನ್ನು ಹಿಡಿದು ಮತ್ತೆ ಬಾಗಿಲೊಳಕ್ಕೆ ಇಳಿಸುತ್ತದೆ. ಕೆಲವು ಕಾರುಗಳಲ್ಲಿ ಅದು ತೆಳು ಪಾಲಿಥೀನ್ ಹಾಳೆ, ಕೆಲವದರಲ್ಲಿ ಬೆರಳಿಗೆ ಮೆತ್ತಗೆ ತಾಗುವ ಫೋಮ್ ಶೀಟು. ಸುತ್ತಲೂ ಹಿಡಿದಿರುವುದು ಬ್ಯೂಟೈಲ್ ಎಂಬ ಕಪ್ಪು ಅಂಟು, ಟಾರಿನ ಹಾಗೆ ಮೆತ್ತಗೆ, ವರ್ಷಗಟ್ಟಲೆ ಒಣಗದೆ ಇರುವಂಥದ್ದು. ಅದು ಕೆಳ ಅಂಚಿನಲ್ಲಿ ಅಂಗುಲದಷ್ಟು ಬಿಟ್ಟುಕೊಂಡರೂ ಸಾಕು, ನೀರು ಡೋರ್ ಪ್ಯಾಡಿನ ಬೆನ್ನಿಗೆ ಜಾರಿ, ಅಲ್ಲಿಂದ ಹೊಸ್ತಿಲ ಒಳಬದಿಗೆ ತೊಟ್ಟಿಕ್ಕಿ ಕಾರ್ಪೆಟ್ ಕೆಳಗೆ ಸೇರುತ್ತದೆ. ಹೊಸ ಬೀಡಿಂಗ್ ಎಷ್ಟೇ ಬಿಗಿಯಾಗಿದ್ದರೂ ಏನೂ ಮಾಡಲಾರದು. ನೀರು ಬೀಡಿಂಗಿನ ಒಳಬದಿಗೇ ಬೀಳುತ್ತಿದೆಯಲ್ಲ.

ಹಾಗಾದರೆ ಅಂಟು ತಾನಾಗಿ ಏಕೆ ಬಿಡುತ್ತದೆ? ಹಳತಾಗಿ, ಧೂಳು ಕುಡಿದು ಬಿಡುವುದುಂಟು. ಆದರೆ ಹೆಚ್ಚಿನ ಸಲ ಯಾರೋ ಬಾಗಿಲು ಬಿಚ್ಚಿರುತ್ತಾರೆ. ಪವರ್ ವಿಂಡೋ ಮೋಟರ್ ಬದಲಿಸಿದಾಗ, ಹೊಸ ಸ್ಪೀಕರ್ ಹಾಕಿಸಿದಾಗ, ಗುದ್ದಿದ ಬಾಗಿಲನ್ನು ನೇರ ಮಾಡಿಸಿದಾಗ ಶೀಟು ಹರಿದಿರುತ್ತದೆ, ಇಲ್ಲವೇ ಧೂಳು ಕೂತ ಹಳೆಯ ಅಂಟಿನ ಮೇಲೆಯೇ ಒತ್ತಿ ಮುಚ್ಚಿರುತ್ತಾರೆ. ಆದ್ದರಿಂದ ನಿಮ್ಮನ್ನು ನೀವೇ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ: ನೀರು ಬರಲು ಶುರುವಾಗುವ ಮುಂಚೆ ಆ ಬಾಗಿಲನ್ನು ಯಾರಾದರೂ ಬಿಚ್ಚಿದ್ದರೇ?

ಇದು ಬಾಗಿಲ ನೀರೇ ಎಂದು ಖಚಿತ ಮಾಡಿಕೊಳ್ಳದೆ ಸ್ಕ್ರೂಡ್ರೈವರ್ ಎತ್ತಬೇಡಿ. ಕಾರ್ಪೆಟ್ ಎಲ್ಲಿ ಹೆಚ್ಚು ಒದ್ದೆ ಎಂದು ಮುಟ್ಟಿ ನೋಡಿ. ಹೊಸ್ತಿಲ ಬದಿಗೆ ಹೆಚ್ಚಿದ್ದರೆ ಬಾಗಿಲ ಮೇಲೆ ಅನುಮಾನ. ಕಾರಿನ ನಡುಭಾಗಕ್ಕೆ ಹತ್ತಿರವಿದ್ದು, ಮಳೆ ಇಲ್ಲದ ದಿನವೂ ಎಸಿ ಓಡಿಸಿದ ಮೇಲೆ ಒದ್ದೆಯಾದರೆ ಎಸಿ ನೀರಿನ ಪೈಪು ಕಟ್ಟಿಕೊಂಡಿದೆ. ಬೆರಳಿಗೆ ಜಿಡ್ಡು ಹತ್ತಿ ಸಿಹಿ ವಾಸನೆ ಬಂದರೆ ಅದು ಹೀಟರಿನಿಂದ ಸೋರುವ ಕೂಲಂಟ್, ಎಂದರೆ ಎಂಜಿನ್ ತಂಪಾಗಿಡುವ ದ್ರವ. ಮುಂದಿನ ಗಾಜಿನ ಪಕ್ಕದ ಕಂಬದೊಳಗಿಂದ ಇಳಿದು ಡ್ಯಾಶ್‌ಬೋರ್ಡ್ ಕೆಳಗೆ ಬರುತ್ತಿದ್ದರೆ ಸನ್‌ರೂಫ್ ಪೈಪು, ಅಥವಾ ವೈಪರ್ ಬುಡದಲ್ಲಿ ಎಲೆ ಕಸ ತುಂಬಿ ನೀರು ನಿಲ್ಲುವ ಕಾಲುವೆ. ಬಾಗಿಲ ಕೀಲಿನ ಬಳಿ ವೈರುಗಳು ಹಾದುಹೋಗುವ ಸುಕ್ಕುಸುಕ್ಕಾದ ರಬ್ಬರ್ ಕೊಳವೆ ಸೀಳಿದ್ದರೂ ನೀರು ಅದರೊಳಗಿಂದ ಬರುತ್ತದೆ. ಅದನ್ನು ಬಗ್ಗಿಸಿ ನೋಡಬೇಕು, ನೇರವಾಗಿದ್ದಾಗ ಸೀಳು ಕಾಣುವುದಿಲ್ಲ.

ಬೀಡಿಂಗ್ ಸರಿಯಾಗಿ ಕೂತಿದೆಯೇ ಎಂದು ನೋಡಲು ಒಂದು ಉದ್ದ ಕಾಗದದ ಪಟ್ಟಿ ಸಾಕು. ಬಾಗಿಲಿಗೆ ಅದನ್ನು ಸಿಕ್ಕಿಸಿ ಮುಚ್ಚಿ, ಎಳೆಯಿರಿ. ಎಲ್ಲ ಕಡೆಯೂ ಒಂದೇ ಬಿಗಿ ಇರಬೇಕು. ಒಂದು ಕಡೆ ಸಲೀಸಾಗಿ ಜಾರಿ ಬಂದರೆ ಅಲ್ಲಿ ಬೀಡಿಂಗ್ ಒತ್ತುತ್ತಿಲ್ಲ. ಹೊಸ ಬೀಡಿಂಗ್ ಹಾಕಿದ ಮೇಲೂ ಹೀಗಾದರೆ ಬಾಗಿಲೇ ವಾಲಿರಬಹುದು, ಆಗ ಕೀಲು ಅಥವಾ ಲಾಕಿನ ಕೊಂಡಿಯನ್ನು ಸರಿಹೊಂದಿಸಬೇಕಾಗುತ್ತದೆ. ಬೀಡಿಂಗಿಗೆ ಗ್ರೀಸ್, ಎಂಜಿನ್ ಆಯಿಲ್ ಸವರಬೇಡಿ, ಆ ರಬ್ಬರ್ ಎಣ್ಣೆಗೆ ಉಬ್ಬಿ ಆಕಾರ ಕೆಡುತ್ತದೆ. ಸವರಲೇಬೇಕಾದರೆ ಸಿಲಿಕೋನ್ ಗ್ರೀಸ್.

ಇನ್ನು ತಳದ ತೂತುಗಳು. ಬಾಗಿಲು ತೆರೆದು ಮುಚ್ಚುವಾಗ ಒಳಗೆ ಕೊಡ ಅಲುಗಾಡಿದಂತೆ ಗುಳುಗುಳು ಸದ್ದು ಬಂದರೆ ಅವು ಕಟ್ಟಿಕೊಂಡಿವೆ ಎಂದೇ ಅರ್ಥ. ಬಾಗಿಲ ಕೆಳ ಅಂಚನ್ನು ಅಡಿಯಿಂದ ನೋಡಿ. ಪುಟ್ಟ ಸೀಳುಗಳು, ಕೆಲವದಕ್ಕೆ ರಬ್ಬರ್ ನಾಲಿಗೆಯೂ ಇರುತ್ತದೆ. ಮಣ್ಣು, ಕೊಳೆತ ಎಲೆ, ಒಮ್ಮೊಮ್ಮೆ ತುಕ್ಕು ಹಿಡಿಯದಿರಲೆಂದು ಹೊಡೆಸಿದ ಕೋಟಿಂಗೇ ಅವನ್ನು ಮುಚ್ಚಿರುತ್ತದೆ. ಪ್ಲಾಸ್ಟಿಕ್ ಕೇಬಲ್ ಟೈ ತುದಿಯಿಂದ ಕೆದಕಿ. ತಂತಿ, ಸ್ಕ್ರೂಡ್ರೈವರ್ ಬೇಡ. ತೂತಿನ ಅಂಚಿನ ಬಣ್ಣ ಕೆರೆದರೆ ತುಕ್ಕು ಶುರುವಾಗುವುದು ಅಲ್ಲಿಂದಲೇ, ತಗಡು ಮಡಚಿದ ಆ ಅಂಚಿಗೆ ಒಮ್ಮೆ ತುಕ್ಕು ಹಿಡಿದರೆ ಬಿಡಿಸುವುದು ಬಲು ಕಷ್ಟ. ನಂತರ ಗಾಜು ಪೂರ್ತಿ ಏರಿಸಿ, ಹೊರಗಿನ ಬುಡದ ಪಟ್ಟಿಯ ಮೇಲೆ ಒಂದೆರಡು ಲೀಟರ್ ನೀರನ್ನು ನಿಧಾನವಾಗಿ ಸುರಿಯಿರಿ. ಸ್ವಲ್ಪ ಹೊತ್ತಿನಲ್ಲೇ ಎಲ್ಲ ತೂತುಗಳಿಂದಲೂ ಹರಿದು ಬರಬೇಕು.

ಇಷ್ಟಾಗಿಯೂ ಒಳಗೆ ಒದ್ದೆಯಾಗುತ್ತಿದ್ದರೆ ಡೋರ್ ಪ್ಯಾಡ್ ಬಿಚ್ಚಲೇಬೇಕು. ಬ್ಯಾಟರಿಯ ನೆಗೆಟಿವ್ ತಂತಿ ತೆಗೆದು ಕೆಲವು ನಿಮಿಷ ಬಿಡಿ. ಇದು ಬರೀ ಎಚ್ಚರಿಕೆಯ ಮಾತಲ್ಲ: ಹಲವು ಕಾರುಗಳ ಬಾಗಿಲಲ್ಲಿ ಪಕ್ಕದ ಏರ್‌ಬ್ಯಾಗಿನ ಸೆನ್ಸರ್ ಇರುತ್ತದೆ, ಕೀ ಆನ್ ಇದ್ದಾಗ ಅದರ ಪ್ಲಗ್ ಕಳಚಿದರೆ ಏರ್‌ಬ್ಯಾಗ್ ದೀಪ ಹೊತ್ತಿಕೊಳ್ಳುತ್ತದೆ. ಸ್ಕ್ರೂಗಳು ಸಾಮಾನ್ಯವಾಗಿ ಮೂರು ಕಡೆ ಅಡಗಿರುತ್ತವೆ: ಬಾಗಿಲು ಎಳೆಯುವ ಹಿಡಿಯ ತಳದಲ್ಲಿ, ತೆರೆಯುವ ಹ್ಯಾಂಡಲಿನ ಹಿಂದಿನ ಪುಟ್ಟ ಮುಚ್ಚಳದಡಿ, ಕನ್ನಡಿಯ ಒಳಬದಿಯ ತ್ರಿಕೋನದ ಹಿಂದೆ. ಅವನ್ನು ತೆಗೆದ ಮೇಲೆ ಪ್ಲಾಸ್ಟಿಕ್ ಪಟ್ಟಿಯಿಂದ ಕೆಳ ಮೂಲೆಯಲ್ಲಿ ಮೀಟುತ್ತಾ ಸುತ್ತಲೂ ಕ್ಲಿಪ್ಪುಗಳನ್ನು ಬಿಡಿಸಿ, ಪ್ಯಾಡನ್ನು ಮೇಲಕ್ಕೆ ಎತ್ತಿ. ಒಮ್ಮೆಲೇ ಎಳೆಯಬೇಡಿ, ಹಿಂದೆ ಸ್ವಿಚ್ಚಿನ ವೈರು, ಹ್ಯಾಂಡಲ್ ಕೇಬಲ್ ಇನ್ನೂ ಹಿಡಿದಿರುತ್ತವೆ. ಒಂದೆರಡು ಕ್ಲಿಪ್ ಮುರಿಯುವುದು ಮಾಮೂಲು, ನಾಲ್ಕೈದು ಹೊಸದನ್ನು ಮೊದಲೇ ತಂದಿಟ್ಟುಕೊಳ್ಳಿ.

ಪ್ಯಾಡ್ ಬಂತೇ? ಶೀಟನ್ನು ತಕ್ಷಣ ಕೀಳಬೇಡಿ. ಟಾರ್ಚ್ ಹಿಡಿದು ಓರೆ ಬೆಳಕಿನಲ್ಲಿ ನೋಡಿ. ನೀರು ಹರಿದ ದಾರಿ ಮಣ್ಣಿನ ಬಣ್ಣದ ಗೆರೆಯಾಗಿ ಉಳಿದಿರುತ್ತದೆ, ಕೆರೆಯ ದಂಡೆಯಲ್ಲಿ ನೀರಿಳಿದ ಗುರುತಿನ ಹಾಗೆ. ಆ ಗೆರೆಯನ್ನು ಮೇಲಕ್ಕೆ ಹಿಂಬಾಲಿಸಿದರೆ ಅಂಟು ಬಿಟ್ಟ ಜಾಗ ಸಿಗುತ್ತದೆ. ಸಿಗದಿದ್ದರೆ ಒಬ್ಬರು ಹೊರಗೆ ನಿಂತು ಪೈಪಿನಲ್ಲಿ ನೀರು ಬಿಡಲಿ, ನೀವು ಒಳಗೆ ಕೂತು ನೋಡಿ. ಪೈಪಿಗೆ ನಳಿಕೆ ಬೇಡ, ಪ್ರೆಶರ್ ವಾಷರ್ ಅಂತೂ ಖಂಡಿತ ಬೇಡ, ಅದು ಸರಿಯಾಗಿರುವ ರಬ್ಬರಿನಿಂದಲೂ ನೀರು ನುಗ್ಗಿಸಿ ದಾರಿ ತಪ್ಪಿಸುತ್ತದೆ. ಬಾಗಿಲ ಕೆಳಗಿನಿಂದ ಶುರುಮಾಡಿ ಒಂದೊಂದು ಜಾಗಕ್ಕೆ ಎರಡು ಮೂರು ನಿಮಿಷ ಕೊಟ್ಟು ಮೇಲಕ್ಕೆ ಹೋಗಬೇಕು. ಮೊದಲೇ ಮೇಲಿಂದ ಬಿಟ್ಟರೆ ಎಲ್ಲ ಕಡೆಯೂ ಒದ್ದೆಯಾಗಿ ಯಾವ ತೂತು ತಪ್ಪಿತಸ್ಥ ಎಂದು ತಿಳಿಯುವುದಿಲ್ಲ. ಸ್ಪೀಕರಿನ ಸುತ್ತ ಮತ್ತು ಕನ್ನಡಿಯ ಬುಡದ ಗ್ಯಾಸ್ಕೆಟನ್ನು (ಸಂದು ಮುಚ್ಚುವ ಮೆತ್ತನೆಯ ಪಟ್ಟಿ) ತಪ್ಪದೆ ನೋಡಿ. ಹೊರಗಿನಿಂದ ತಂದ ಸ್ಪೀಕರಿಗೆ ಫೋಮ್ ಪಟ್ಟಿ ಹಾಕದೇ ಬಿಟ್ಟಿರುವುದು ತೀರಾ ಸಾಮಾನ್ಯ. ಮರದ ಪುಡಿಯ ಹಲಗೆಯಿಂದ ಮಾಡಿದ ರಿಂಗ್ ಇದ್ದರೆ ಅದು ನೀರು ಕುಡಿದು ಊದಿಕೊಂಡಿರುತ್ತದೆ, ಪ್ಲಾಸ್ಟಿಕ್ ರಿಂಗಿಗೆ ಬದಲಿಸಿ.

ಈಗ ಅಂಟಿನ ಕೆಲಸ. ಇಲ್ಲಿ ಅವಸರ ಮಾಡಿದರೆ ಇಡೀ ಶ್ರಮ ನೀರುಪಾಲು. ಶೀಟು ಪೂರ್ತಿ ಚೆನ್ನಾಗಿದ್ದು ಒಂದು ಕಡೆ ಮಾತ್ರ ಬಿಟ್ಟಿದ್ದರೆ ಅಷ್ಟನ್ನೇ ಮಾಡಿ. ಸುತ್ತಲೂ ಅಂಟು ಸತ್ತಿದ್ದರೆ ಶೀಟನ್ನು ತೆಗೆಯಬೇಕು. ಬಿಸಿಲಿನಲ್ಲಿ ಬ್ಯೂಟೈಲ್ ಎಳೆದಷ್ಟೂ ನೂಲು ನೂಲಾಗಿ ಬರುತ್ತದೆ, ಬಟ್ಟೆ, ಸೀಟು, ಕೂದಲು ಎಲ್ಲಕ್ಕೂ ಹತ್ತುತ್ತದೆ. ತಂಪು ಹೊತ್ತಿನಲ್ಲಿ ತೆಳು ಬ್ಲೇಡಿನಿಂದ ಅಂಟಿನ ನಡುವೆಯೇ ಕೊಯ್ಯುತ್ತಾ ಹೋಗಿ. ತಗಡಿಗೆ ಉಳಿದ ಅಂಟನ್ನು ತೆಗೆಯಲು ಅದೇ ಅಂಟಿನ ಉಂಡೆ ಮಾಡಿ ಒತ್ತಿ ಒತ್ತಿ ಎತ್ತಿ, ಯಾವ ದ್ರಾವಣಕ್ಕಿಂತಲೂ ಇದು ಚೆನ್ನಾಗಿ ತೆಗೆಯುತ್ತದೆ. ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಪೂರ್ತಿ ಆರಲು ಬಿಡಿ.

ಸಿಲಿಕೋನ್ ಸೀಲಂಟ್ ಬೇಡ ಎಂದು ಒತ್ತಿ ಹೇಳಲೇಬೇಕು. ವಿನೆಗರ್ ವಾಸನೆ ಬರುವ ಸಿಲಿಕೋನ್ ಒಣಗುವಾಗ ಆಮ್ಲ ಬಿಡುತ್ತದೆ, ಬಣ್ಣ ಹೋದ ತಗಡಿಗೆ ಅದು ತುಕ್ಕು ತರುತ್ತದೆ. ಪಾಲಿಥೀನ್ ಶೀಟಿಗೆ ಅದು ಹಿಡಿಯುವುದೂ ಇಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಸಿಲಿಕೋನಿನ ಜಿಡ್ಡು ಉಳಿದ ಜಾಗದಲ್ಲಿ ಮುಂದೆ ಬ್ಯೂಟೈಲ್ ಕೂಡ ಕೂರುವುದಿಲ್ಲ. ಎರಡು ಬದಿ ಅಂಟಿನ ಟೇಪೂ ಬೇಡ, ಒತ್ತಿದಾಗ ಹಿಡಿದಂತೆ ಕಂಡರೂ ಮೊದಲ ಬೇಸಿಗೆಯಲ್ಲೇ ಬಿಡುತ್ತದೆ.

ತರಬೇಕಾದದ್ದು ಬ್ಯೂಟೈಲ್ ಹಗ್ಗ, 8 ಮಿ.ಮೀ. ಅಥವಾ ಅದರ ಆಸುಪಾಸಿನ ದಪ್ಪದ್ದು. ಒಂದು ಮುಂಬಾಗಿಲಿಗೆ 3ರಿಂದ 4 ಮೀಟರ್ ಬೇಕಾಗುತ್ತದೆ, ಸ್ವಲ್ಪ ಹೆಚ್ಚೇ ಇರಲಿ. ಹಳೆಯ ಅಂಟಿನ ಗುರುತಿನ ಮೇಲೆ ತಡೆಯಿಲ್ಲದೆ ಒಂದೇ ಎಳೆಯಾಗಿ ಹಾಕಿ. ತುದಿ ಸೇರುವ ಜಾಗ ಮೇಲ್ಭಾಗದಲ್ಲಿರಲಿ, ಅಲ್ಲಿ ಎರಡು ತುದಿಗಳನ್ನು ಒಂದರ ಮೇಲೊಂದು ಹೊಸೆದು ಒತ್ತಿ. ಕೆಳಗಡೆ ಸೇರಿಸಿದರೆ ನೀರು ನಿಲ್ಲುವುದು ಅಲ್ಲೇ. ಹೇರ್ ಡ್ರೈಯರಿನಿಂದ ತುಸು ಬೆಚ್ಚಗೆ ಮಾಡಿ ಶೀಟನ್ನು ಮೇಲಿಂದ ಕೆಳಗೆ ಒತ್ತುತ್ತಾ ಬನ್ನಿ, ಸುಕ್ಕು ಬಿದ್ದರೆ ಎತ್ತಿ ಮತ್ತೆ ಹಾಕಿ. ಅಂಟನ್ನು ಬೆರಳಿಂದ ಮುಟ್ಟಿ ಮುಟ್ಟಿ ನೋಡಬೇಡಿ, ಕೈಯ ಜಿಡ್ಡು ಸಾಕು ಅದನ್ನು ಕೆಡಿಸಲು. ಶೀಟಿನ ಕೆಳತುದಿ ಒಳತಗಡಿನ ಸೀಳಿನೊಳಗೆ ಇಳಿದಿರುವ ಕಾರುಗಳಿವೆ, ಅಂಥವುಗಳಲ್ಲಿ ಅದನ್ನು ಮತ್ತೆ ಒಳಕ್ಕೇ ಇಳಿಸಿ. ಹೆಂಚಿನ ಮೇಲೆ ಹೆಂಚು ಕೂರಿಸಿದಂತೆ, ಮೇಲಿಂದ ಬಂದ ನೀರು ಬಾಗಿಲೊಳಗೆ ಬೀಳಬೇಕೇ ಹೊರತು ಪ್ಯಾಡಿನ ಕಡೆಗಲ್ಲ. ಶೀಟಿನ ಮೂಲಕ ಬರುವ ವೈರು ಒಳಕ್ಕೆ ಸೇರುವ ಮುನ್ನ ಸ್ವಲ್ಪ ಕೆಳಕ್ಕೆ ಜೋತುಬಿದ್ದು ಆಮೇಲೆ ಮೇಲೇರುವಂತೆ ಕಟ್ಟಿ. ಹನಿ ಆ ಜೋತ ತುದಿಯಿಂದಲೇ ಉದುರಿಹೋಗುತ್ತದೆ.

ಹರಿದ ಶೀಟಿಗೆ ತೇಪೆ ಹಾಕಬಹುದು, ಸಣ್ಣದಾಗಿದ್ದರೆ. ಹತ್ತಾರು ಕಡೆ ಹರಿದಿದ್ದರೆ ಹೊಸದೇ ಬೇಕು. ಹಳೆಯದನ್ನು ಅಚ್ಚಾಗಿಟ್ಟುಕೊಂಡು ದಪ್ಪ ಪಾಲಿಥೀನಿನಲ್ಲಿ ಕತ್ತರಿಸಿಕೊಳ್ಳಬಹುದು, ಆದರೆ ಬಾಗಿಲೊಳಗೆ ಗಾಳಿಯ ಒತ್ತಡ ಅಳೆಯುವ ಏರ್‌ಬ್ಯಾಗ್ ಸೆನ್ಸರ್ ಇರುವ ಕಾರುಗಳಲ್ಲಿ ಕಂಪನಿಯ ಶೀಟನ್ನೇ ಹಾಕಿ. ಗುದ್ದಿದಾಗ ಬಾಗಿಲೊಳಗೆ ಒತ್ತಡ ಏರಿದ್ದನ್ನು ನೋಡಿಯೇ ಅದು ಏರ್‌ಬ್ಯಾಗ್ ತೆರೆಸುವುದು, ಬಾಗಿಲು ಸೋರಿದರೆ ಆ ಲೆಕ್ಕ ತಪ್ಪುತ್ತದೆ. ಶೀಟಿನ ಬದಲು ಇಡೀ ಗಟ್ಟಿ ಪ್ಲಾಸ್ಟಿಕ್ ಅಥವಾ ತಗಡಿನ ಫಲಕಕ್ಕೆ ಗಾಜಿನ ಯಂತ್ರ, ಸ್ಪೀಕರ್ ಎಲ್ಲ ಕೂರಿಸಿರುವ ಬಾಗಿಲುಗಳೂ ಇವೆ. ಅಲ್ಲಿ ಸೋರುವುದು ಫಲಕದ ಸುತ್ತಲಿನ ಫೋಮ್ ಗ್ಯಾಸ್ಕೆಟ್. ಅದನ್ನು ಬಿಚ್ಚುವ ಮೊದಲು ಗಾಜನ್ನು ಮೇಲಕ್ಕೆ ಏರಿಸಿ ಟೇಪಿನಿಂದ ಬಿಗಿಯಾಗಿ ಹಿಡಿಸಬೇಕು, ಇಲ್ಲದಿದ್ದರೆ ಧೊಪ್ಪನೆ ಕೆಳಗೆ ಬೀಳುತ್ತದೆ.

ಪ್ಯಾಡ್ ಹಾಕುವ ಮುನ್ನವೇ ಪರೀಕ್ಷೆ ಮಾಡಿ. ಹೊಸ್ತಿಲ ಮೇಲೆ ಒಣ ದಿನಪತ್ರಿಕೆ ಹಾಸಿ, ಬಾಗಿಲು ಮುಚ್ಚಿ, ಗಾಜಿನ ಮೇಲೆ ಹತ್ತು ನಿಮಿಷ ನೀರು ಬಿಡಿ. ಪತ್ರಿಕೆಯಲ್ಲಿ ಒಂದು ಹನಿ ಬಿದ್ದರೂ ಕಲೆ ಕಾಣುತ್ತದೆ. ಒಣಗಿಯೇ ಇದ್ದರೆ ಸ್ವಿಚ್, ಲಾಕ್, ಹ್ಯಾಂಡಲ್ ಕೇಬಲ್ ಜೋಡಿಸಿ, ಬ್ಯಾಟರಿಯ ತಂತಿ ಹಾಕಿ, ಗಾಜು ಒಮ್ಮೆ ಏರಿಳಿಸಿ ನೋಡಿ, ಆಮೇಲೆ ಪ್ಯಾಡಿನ ಕ್ಲಿಪ್ ಒತ್ತಿ.

ಕಾರ್ಪೆಟನ್ನು ಮರೆಯಬೇಡಿ. ಮೇಲೆ ಮುಟ್ಟಿದಾಗ ಒಣಗಿದಂತಿದ್ದರೂ ಅದರಡಿಯ ದಪ್ಪ ಫೋಮ್ ಸ್ಪಂಜಿನಂತೆ ಲೀಟರುಗಟ್ಟಲೆ ನೀರು ಹಿಡಿದಿರುತ್ತದೆ. ಕೆಲವು ಕಾರುಗಳಲ್ಲಿ ಸೀಟಿನ ಕೆಳಗೇ ವೈರಿಂಗ್ ಜಾಯಿಂಟುಗಳು, ಕಂಟ್ರೋಲ್ ಯೂನಿಟ್ಟುಗಳು ಇರುತ್ತವೆ. ಹೊಸ್ತಿಲ ಪ್ಲಾಸ್ಟಿಕ್ ಪಟ್ಟಿ ತೆಗೆದು ಕಾರ್ಪೆಟ್ ಎತ್ತಿ, ನೀರನ್ನು ಹಿಂಡಿ ತೆಗೆದು, ಅಡಿಗೆ ಏನಾದರೂ ಕೊಟ್ಟು ಎತ್ತಿಹಿಡಿಸಿ, ಫ್ಯಾನ್ ಇಟ್ಟು ಫೋಮ್ ಪೂರ್ತಿ ಒಣಗುವವರೆಗೆ ಬಿಡಿ. ಎರಡು ಮೂರು ದಿನ ಹಿಡಿದರೆ ಆಶ್ಚರ್ಯವಿಲ್ಲ.