ಬಾಚಣಿಗೆ ತನ್ನಿ, ತಲೆ ಆಮೇಲೆ ನೋಡೋಣ

ತಲೆಕೂದಲಿನ ತೊಂದರೆ ಅಂತ ಫೋನ್ ಮಾಡುವವರಿಗೆ ನಮ್ಮ ರಿಸೆಪ್ಷನ್ ಹುಡುಗಿ ಒಂದು ಮಾತು ಹೇಳಿಬಿಡುತ್ತಾಳೆ: "ಬರುವಾಗ ನೀವು ದಿನಾ ಬಾಚುವ ಬಾಚಣಿಗೆ ತನ್ನಿ. ತೊಳೀಬೇಡಿ." ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಚರ್ಮರೋಗದ ಕ್ಲಿನಿಕ್ ನಡೆಸುವ ನನಗೆ ಅದರಲ್ಲೇ ಅರ್ಧ ತಪಾಸಣೆ ಮುಗಿಯುತ್ತದೆ. ಕೆಲವರು ನಾಚಿಕೊಂಡು ತೊಳೆದೇ ತರುತ್ತಾರೆ. ಆಗ ಹಲ್ಲಿನ ಬುಡ ನೋಡುತ್ತೇನೆ. ಅಲ್ಲಿಯವರೆಗೆ ಯಾರೂ ತೊಳೆದಿರುವುದಿಲ್ಲ.

ಮೊನ್ನೆ ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಅಮ್ಮನ ಜೊತೆ ಬಂದಿದ್ದಳು. ಬೆಳಗ್ಗೆ ತಲೆ ಸ್ನಾನ ಮಾಡಿ ಲೋಕಲ್ ಹತ್ತಿದರೆ ಕುರ್ಲಾ ದಾಟುವ ಹೊತ್ತಿಗೆ ಹಣೆಯ ಮೇಲಿನ ಕೂದಲು ಅಂಟಿಕೊಂಡಿರುತ್ತದಂತೆ. ಬ್ಯಾಗಿನಿಂದ ಬಾಚಣಿಗೆ ತೆಗೆದು ಮೇಜಿನ ಮೇಲಿಟ್ಟಳು. ಹಲ್ಲುಗಳ ಸಂದಿಯಲ್ಲಿ ಬೂದು ಬಣ್ಣದ ಮೆತ್ತನೆಯ ಕೊಳೆ. ಅದರಿಂದ ಚೂರು ತೆಗೆದು ಟಿಶ್ಯೂ ಪೇಪರಿಗೆ ಒರೆಸಿದೆ. ಬಜ್ಜಿ ಇಟ್ಟ ಪೇಪರಿನ ಹಾಗೆ ಆ ಜಾಗ ಆಚೆ ಬದಿ ಕಾಣುವಷ್ಟು ತೆಳ್ಳಗಾಯಿತು. "ನೀನು ತಲೆ ತೊಳೆದು ಬಂದು ಇದನ್ನೇ ವಾಪಸ್ ಹಚ್ಚಿಕೊಳ್ತಿದ್ದೀಯ" ಎಂದೆ. ಹುಡುಗಿ ಮುಖ ಸಿಂಡರಿಸಿದಳು. ಅಮ್ಮ ಮೆಲ್ಲಗೆ ತಮ್ಮ ಪರ್ಸಿನ ಜಿಪ್ ಎಳೆದುಕೊಂಡರು.

ಆ ಕೊಳೆಯಲ್ಲಿ ಏನೆಲ್ಲ ಇರುತ್ತದೆ? ಉದುರಿದ ಚರ್ಮದ ಪುಡಿ, ರಸ್ತೆಯ ಧೂಳು, ತುಂಡಾದ ಕೂದಲು. ಇವೆಲ್ಲವನ್ನೂ ಹಿಡಿದಿಟ್ಟ ಅಂಟು ಸೀಬಮ್. ಪ್ರತಿ ಕೂದಲಿನ ಬುಡದಲ್ಲೂ ಒಂದು ಪುಟ್ಟ ಎಣ್ಣೆ ಗ್ರಂಥಿ ಇದೆ, ಅದು ಸುರಿಸುವ ಜಿಡ್ಡು ಇದು. ಬೆವರಿನ ಗ್ರಂಥಿ ಬೇರೆ. ಮುಂಬೈಯಲ್ಲಿ ಎರಡೂ ಒಟ್ಟಿಗೆ ಸಿಗುವುದರಿಂದ ಜನ ಒಂದೇ ಅಂದುಕೊಳ್ಳುತ್ತಾರೆ. ಅಕ್ಟೋಬರ್ ಸೆಕೆಯಲ್ಲಿ ಬೆವರು ಆರುವುದಿಲ್ಲ. ಅದು ಜಿಡ್ಡಿನ ಜೊತೆ ಸೇರಿ ಕೂದಲನ್ನು ಗುಂಪು ಗುಂಪಾಗಿ ಅಂಟಿಸುತ್ತದೆ. ನಡುವೆ ತಲೆಯ ಚರ್ಮ ಇಣುಕುತ್ತದೆ. "ಕೂದಲು ಉದುರಿ ಖಾಲಿಯಾಯ್ತು" ಎಂದು ಹೆದರಿ ಬರುವವರಲ್ಲಿ ಕೆಲವರ ತಲೆಯಲ್ಲಿ ಕೂದಲು ಧಾರಾಳ ಇರುತ್ತದೆ, ತೊಳೆದರೆ ಸಾಕು.

ಎಲ್ಲರ ಕೂದಲೂ ಒಂದೇ ವೇಗದಲ್ಲಿ ಜಿಡ್ಡಾಗುವುದಿಲ್ಲ. ನೇರ ಕೂದಲಿನಲ್ಲಿ ಎಣ್ಣೆ ಸರ್ರನೆ ಕೆಳಗಿಳಿಯುತ್ತದೆ. ಗುಂಗುರು ಕೂದಲಿನಲ್ಲಿ ಆಗುಂಬೆ ಘಾಟಿ ಇಳಿಯುವ ಬಸ್ಸಿನಂತೆ ತಿರುವು ತಿರುವಿಗೂ ನಿಧಾನ. ಸಪೂರ ಕೂದಲು ಸ್ವಲ್ಪ ಜಿಡ್ಡಿಗೇ ಸೋತು ಮಲಗಿಬಿಡುತ್ತದೆ.

ಈಗ ಅಮ್ಮನ ಪ್ರಶ್ನೆಗೆ ಬರೋಣ. ಕಾರ್ಕಳ ಕಡೆಯವರು. "ಡಾಕ್ಟ್ರೇ, ವಾರಕ್ಕೆ ಎರಡು ಸಲಕ್ಕಿಂತ ಜಾಸ್ತಿ ತಲೆಗೆ ಮೀಯಬಾರದಂತೆ. ಮಿಂದಷ್ಟೂ ಎಣ್ಣೆ ಜಾಸ್ತಿ ಬರ್ತದಂತೆ. ಹೌದಾ ಮಾರಾಯ್ರೆ?"

ಹೌದಲ್ಲ. ಈ ಮಾತು ಎಲ್ಲಿಂದ ಹಬ್ಬಿತೋ, ವಾರಕ್ಕೆ ಹತ್ತು ಸಲವಾದರೂ ಕೇಳುತ್ತೇನೆ. ಎಣ್ಣೆ ಗ್ರಂಥಿಗೆ ನೀವು ಶಾಂಪೂ ಹಾಕಿದ್ದು ಗೊತ್ತೇ ಆಗುವುದಿಲ್ಲ. ಅದನ್ನು ನಡೆಸುವುದು ಮುಖ್ಯವಾಗಿ ಆಂಡ್ರೋಜೆನ್ ಎಂಬ ಹಾರ್ಮೋನುಗಳು. ಅದಕ್ಕೇ ಪುಟ್ಟ ಮಕ್ಕಳ ತಲೆ ಜಿಡ್ಡಾಗುವುದಿಲ್ಲ, ಹದಿಮೂರು ಹದಿನಾಲ್ಕಕ್ಕೆ ಶುರುವಾಗುತ್ತದೆ, ವಯಸ್ಸಾದ ಮೇಲೆ ಇಳಿಯುತ್ತದೆ. ತೊಳೆಯದೆ ಬಿಟ್ಟು ತಲೆಗೆ 'ಅಭ್ಯಾಸ' ಮಾಡಿಸುತ್ತೇನೆ ಎನ್ನುವುದು ಊಟದ ತಟ್ಟೆ ತೊಳೆಯದೆ ಬಿಟ್ಟರೆ ಕ್ರಮೇಣ ಕೊಳೆಯಾಗುವುದು ಕಡಿಮೆಯಾಗುತ್ತದೆ ಅಂದ ಹಾಗೆ. ಜಿಡ್ಡಿನ ತಲೆಯವರು ದಿನ ಬಿಟ್ಟು ದಿನ ತೊಳೆಯಬಹುದು. ಟ್ರೈನಿನಲ್ಲಿ ದಿನಾ ಎರಡು ತಾಸು ಬೆವರುವವರು ದಿನಾ ಬೇಕಾದರೂ ತೊಳೆಯಿರಿ, ಸೌಮ್ಯ ಶಾಂಪೂ ಇರಲಿ ಅಷ್ಟೆ. ಒಣ ಕೂದಲಿನವರಿಗೆ, ಗುಂಗುರು ಕೂದಲಿನವರಿಗೆ ಈ ಲೆಕ್ಕ ಬೇಡ.

ಎಷ್ಟು ಸಲ ಎನ್ನುವುದಕ್ಕಿಂತ ಹೇಗೆ ತೊಳೆಯುತ್ತೀರಿ ಎನ್ನುವುದು ಮುಖ್ಯ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಅಂದರೆ 36 ಸೆಂಟಿಮೀಟರ್ ಜಡೆಯ ತುದಿಗೆ ಮೂರು ವರ್ಷ ವಯಸ್ಸು. ಮೂರು ಮಳೆಗಾಲ, ಮೂರು ಬೇಸಿಗೆ ಕಂಡ ಕೂದಲು ಅದು, ಒಣಗಿ ಸವೆದಿರುತ್ತದೆ. ಎಣ್ಣೆ ಇರುವುದು ಬುಡದಲ್ಲಿ. ಆದರೆ ನಾವು ಮಾಡುವುದೇನು? ಶಾಂಪೂವನ್ನು ನೇರ ನೆತ್ತಿಗೆ ಸುರಿದು, ಇಡೀ ಕೂದಲನ್ನು ಮೇಲೆ ರಾಶಿ ಹಾಕಿ, ಬಟ್ಟೆ ಒಗೆದಂತೆ ತಿಕ್ಕುತ್ತೇವೆ. ತುದಿ ಇನ್ನಷ್ಟು ಒಣಗುತ್ತದೆ. ಕಿವಿಯ ಹಿಂದೆ, ಕತ್ತಿನ ಮೇಲೆ ಶಾಂಪೂ ಮುಟ್ಟುವುದೇ ಇಲ್ಲ.

ಮೊದಲು ಒಂದು ನಿಮಿಷ ಬರೀ ನೀರಿನಲ್ಲಿ ಚೆನ್ನಾಗಿ ನೆನೆಸಿ. ಶಾಂಪೂವನ್ನು ಅಂಗೈಯಲ್ಲಿ ನೀರು ಬೆರೆಸಿ ತೆಳ್ಳಗೆ ಮಾಡಿ. ಬೆರಳ ತುದಿಯಿಂದ ತಲೆಯ ಚರ್ಮ ಕದಲುವಂತೆ ಒತ್ತಿ, ಉಗುರು ತಾಗಿಸಬೇಡಿ. ಶಾಂಪೂ ಎಂಬ ಶಬ್ದ ಹುಟ್ಟಿದ್ದೇ ಹಿಂದಿಯ 'ಚಾಂಪೋ'ದಿಂದ, ಒತ್ತು ಎಂದು ಅರ್ಥ. ಅದೇ ನಮ್ಮ ಚಂಪಿ. ಶಬ್ದ ಇಂಗ್ಲೆಂಡಿಗೆ ಹೋಗಿ ಬಾಟಲಿ ಸೇರಿ ವಾಪಸ್ ಬಂತು, ಒತ್ತುವುದನ್ನು ನಾವು ಮರೆತೆವು! ಜಿಡ್ಡು ಜಾಸ್ತಿಯಿದ್ದರೆ ಮೊದಲ ಸಲ ನೊರೆ ಬರುವುದಿಲ್ಲ. ತೊಳೆದು ಇನ್ನೊಮ್ಮೆ ಸ್ವಲ್ಪ ಹಾಕಿ. ತುದಿಗೆ ಪ್ರತ್ಯೇಕ ಶಾಂಪೂ ಬೇಡ, ತೊಳೆಯುವಾಗ ಇಳಿಯುವ ನೊರೆಯೇ ಸಾಕು. ಕಂಡೀಷನರ್ ಕಿವಿಯಿಂದ ಕೆಳಗೆ ಮಾತ್ರ. ಬೆಳಗ್ಗೆ ಪುರುಸೊತ್ತಿಲ್ಲದಿದ್ದರೆ ಹಣೆಯ ಮೇಲಿನ ಕೂದಲನ್ನಷ್ಟೇ ವಾಶ್ ಬೇಸಿನ್ನಿನಲ್ಲಿ ತೊಳೆದುಕೊಂಡು ಓಡಿ, ತಪ್ಪೇನಿಲ್ಲ.

ಬಾಚುವ ವಿಷಯ. ದಿನಕ್ಕೆ ನೂರು ಸಲ ಬಾಚಿದರೆ ಕೂದಲು ಹೊಳೆಯುತ್ತದೆ ಎಂಬ ಮಾತು ಕೇಳಿರುತ್ತೀರಿ. ತಿಂಗಳಿಗೊಮ್ಮೆ ತಲೆ ತೊಳೆಯುತ್ತಿದ್ದ ಕಾಲದ ಚಳಿದೇಶದವರಿಗೆ ಅದು ಸರಿ ಇತ್ತು. ಬ್ರಶ್ಶು ಬುಡದ ಜಿಡ್ಡನ್ನು ತುದಿಗೆ ಒಯ್ಯುತ್ತದೆ, ಅದೇ ಹೊಳಪು. ಜಿಡ್ಡಿನ ತಲೆಯವರು ಹಾಗೆ ಬಾಚಿದರೆ ಬುಡದಲ್ಲಿದ್ದ ತೊಂದರೆ ಇಡೀ ಜಡೆಗೆ ಹಬ್ಬುತ್ತದೆ, ಕೂದಲು ತುಂಡಾಗುವುದು ಬೇರೆ. ಸಿಕ್ಕು ಬಿಡಿಸುವಷ್ಟು ಬಾಚಿ, ಸಾಕು. ಅಗಲ ಹಲ್ಲಿನ ಬಾಚಣಿಗೆ ಇರಲಿ. ಸಿಕ್ಕನ್ನು ತುದಿಯಿಂದ ಶುರು ಮಾಡಿ ಮೇಲಕ್ಕೆ ಬಿಡಿಸಿ. ಒದ್ದೆ ಕೂದಲು ರಬ್ಬರಿನಂತೆ ಎಳೆದು ಪಟ್ಟನೆ ತುಂಡಾಗುತ್ತದೆ, ಸ್ವಲ್ಪ ಆರಲಿ. ಹೇನಿನ ಬಾಚಣಿಗೆಯಿಂದ ಹೊಟ್ಟು ಕೆರೆಯುವವರಿದ್ದಾರೆ, ದಯವಿಟ್ಟು ಬೇಡ. ಬಾಚಣಿಗೆಗೆ ವಾರಕ್ಕೊಮ್ಮೆ ಸ್ನಾನ: ಬಿಸಿನೀರಿಗೆ ನಾಲ್ಕು ಹನಿ ಶಾಂಪೂ, ಹತ್ತು ನಿಮಿಷ ನೆನೆಸಿ ಹಳೇ ಟೂತ್‌ಬ್ರಶ್ಶಿನಲ್ಲಿ ಉಜ್ಜಿ. ದಿಂಬಿನ ಕವರನ್ನೂ ಆವತ್ತೇ ಬದಲಿಸಿ.

ಬಾಚಣಿಗೆಯಲ್ಲಿ ಕೆಲವೊಮ್ಮೆ ಬೇರೆ ಕಥೆಯೂ ಸಿಗುತ್ತದೆ. ಹೋಟೆಲ್ ಕೆಲಸದ ನಮ್ಮೂರಿನವರೊಬ್ಬರು ದಿನಾ ಮೀಯುತ್ತಿದ್ದರು, ಆದರೂ ತಲೆ ಅಂಟಂಟು. ಅವರ ಬಾಚಣಿಗೆಯ ಕೊಳೆ ಬಿಳಿಚಾಗಿ, ಮೇಣದ ಹಾಗಿತ್ತು. "ಯಾವ ಶಾಂಪೂ?" ಎಂದೆ. "ಶಾಂಪೂ ಎಲ್ಲ ಹೆಂಗಸರಿಗೆ, ನನಗೆ ಮೈಯ ಸೋಪೇ." ನೀರು? ಬೋರ್‌ವೆಲ್ಲಿನ ಟ್ಯಾಂಕರ್. ಗಡಸು ನೀರಿನ ಕ್ಯಾಲ್ಸಿಯಂ ಸೋಪಿನ ಜೊತೆ ಸೇರಿದರೆ ಕರಗದ ಗಸಿಯಾಗುತ್ತದೆ, ಬಕೆಟ್ಟಿನ ಅಂಚಿಗೆ ಕಟ್ಟುವುದೂ ಅದೇ. ಅವರ ತಲೆಯಲ್ಲಿದ್ದದ್ದು ಜಿಡ್ಡಲ್ಲ, ಸೋಪು. ಶಾಂಪೂ ಹೀಗೆ ಗಸಿ ಕಟ್ಟುವುದಿಲ್ಲ, ಸೀಗೆಕಾಯಿಯೂ ಅಷ್ಟೆ. ಸೀಗೆಪುಡಿ ಬಳಸುವವರು ನೀರಿನಲ್ಲಿ ಕುದಿಸಿ ಬಟ್ಟೆಯಲ್ಲಿ ಸೋಸಿಕೊಳ್ಳಿ, ತರಿ ತಲೆಯಲ್ಲಿ ಕೂರುವುದಿಲ್ಲ.

ಜಿಡ್ಡಿನ ಜೊತೆ ಹೊಟ್ಟು, ತುರಿಕೆ ಇದ್ದರೆ ಬರೀ ತೊಳೆದು ಆಗುವುದಿಲ್ಲ. ನಮ್ಮೆಲ್ಲರ ತಲೆಯ ಮೇಲೂ ಮಲಸೇಜಿಯಾ ಎಂಬ ಶಿಲೀಂಧ್ರ ಇರುತ್ತದೆ, ಅದಕ್ಕೆ ಆ ಜಿಡ್ಡೇ ಊಟ. 2 ಶೇಕಡಾ ಕೀಟೊಕೊನಜೋಲ್ ಶಾಂಪೂವನ್ನು ವಾರಕ್ಕೆ ಎರಡು ಸಲ, ಎರಡರಿಂದ ನಾಲ್ಕು ವಾರ ಬರೆದುಕೊಡುತ್ತೇವೆ. ಹಚ್ಚಿ ಮೂರರಿಂದ ಐದು ನಿಮಿಷ ಬಿಡಬೇಕು. ಹಚ್ಚಿದ ಕೂಡಲೇ ನೀರು ಸುರಿದು "ಔಷಧಿ ಹಿಡಿಯಲಿಲ್ಲ" ಎನ್ನುವವರೇ ಜಾಸ್ತಿ. ಹುಡುಗಿಯರಲ್ಲಿ ಜಿಡ್ಡಿನ ಜೊತೆ ಮುಟ್ಟು ಏರುಪೇರಾದರೆ, ಗಲ್ಲದಲ್ಲಿ ದಪ್ಪ ಕೂದಲು, ಮೊಡವೆ ಬಂದರೆ ಶಾಂಪೂ ಬದಲಿಸುತ್ತ ಕೂರಬೇಡಿ, ಡಾಕ್ಟರಿಗೆ ತೋರಿಸಿ. ಪಿಸಿಒಡಿ, ಅಂದರೆ ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನಿನ ಏರುಪೇರು ಇರಬಹುದು.

ಕೊನೆಗೆ ಅಮ್ಮ ಮುಖ್ಯ ಪ್ರಶ್ನೆ ಕೇಳಿದರು. "ಹಾಗಾದ್ರೆ ಎಣ್ಣೆ ಹಾಕಲೇಬಾರದಾ?" ಊರಿನ ಗಾಣದ ತೆಂಗಿನೆಣ್ಣೆ ಕ್ಯಾನಿನಲ್ಲಿ ಬರುತ್ತದಂತೆ. ತೆಂಗಿನೆಣ್ಣೆ ಕೆಟ್ಟದ್ದಲ್ಲ. 2003ರಲ್ಲಿ ಮುಂಬೈಯದೇ ಕಂಪನಿಯೊಂದರ ಸಂಶೋಧಕರು ತೆಂಗು, ಸೂರ್ಯಕಾಂತಿ, ಮಿನರಲ್ ಎಣ್ಣೆಗಳನ್ನು ಹೋಲಿಸಿ, ಕೂದಲಿನ ಪ್ರೋಟೀನ್ ನಷ್ಟ ತಗ್ಗಿಸಿದ್ದು ತೆಂಗಿನೆಣ್ಣೆ ಮಾತ್ರ ಎಂದು ತೋರಿಸಿದ್ದರು. ಎಣ್ಣೆ ಮಾರುವ ಕಂಪನಿಯೇ, ಹೌದು. ಆದರೂ ಲೆಕ್ಕ ಸರಿಯಾಗಿದೆ. ಆದರೆ ಅದು ಕೂದಲಿನ ದಂಟಿನ ಮಾತು, ಬುಡದ್ದಲ್ಲ. ಜಿಡ್ಡಿನ ತಲೆಗೆ ಮೇಲಿಂದ ಎಣ್ಣೆ ಯಾಕೆ? ತೊಳೆಯುವ ಒಂದು ಗಂಟೆ ಮೊದಲು ಜಡೆಯ ಅರ್ಧದಿಂದ ಕೆಳಗೆ ಹಚ್ಚಿ, ಆಮೇಲೆ ಶಾಂಪೂ.

ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ. ಬಾಗಿಲವರೆಗೆ ಹೋಗಿ ತಿರುಗಿ ನಿಂತರು.

"ದೀಪಾವಳಿಗಾದ್ರೂ ನೆತ್ತಿಗೆ ಹಾಕಬಹುದಲ್ವಾ ಡಾಕ್ಟ್ರೇ? ಶಾಸ್ತ್ರಕ್ಕೆ?"

"ದೀಪಾವಳಿಗೆ ಹಾಕಿ ಮಾರಾಯ್ರೆ. ಆಮೇಲೆ ಎರಡು ಸಲ ಶಾಂಪೂ. ಮತ್ತೆ ನಿಮ್ಮ ಪರ್ಸಿನಲ್ಲಿರುವ ಬಾಚಣಿಗೆಯನ್ನೂ ಹಂಡೆ ನೀರಿಗೆ ಹಾಕಿ."