ಬಾಗಿಲ ಕೆಳಗಿನ ತೊಲೆ ಮತ್ತು ಕಡಲ ಉಪ್ಪು

ಕಾರಿನ ಬಾಗಿಲು ತೆಗೆದು ಒಳಗೆ ಕಾಲಿಡುವಾಗ ನಾವು ದಾಟುವ ಉದ್ದನೆಯ ಪಟ್ಟಿಗೆ ಸಿಲ್ ಎನ್ನುತ್ತಾರೆ. ಮುಂಬಯಿಯ ಗ್ಯಾರೇಜುಗಳಲ್ಲಿ ರನ್ನಿಂಗ್ ಬೋರ್ಡ್ ಅಂದರೆ ಬೇಗ ಗೊತ್ತಾಗುತ್ತದೆ. ಮಾಟುಂಗಾದಲ್ಲಿರಲಿ, ಡೊಂಬಿವಲಿಯಲ್ಲಿರಲಿ, ನಮ್ಮವರು ಊರಿಗೆ ಹೊರಡುವ ಮುಂಚೆ ಟೈರಿನ ಗಾಳಿ ನೋಡುತ್ತಾರೆ, ಆಯಿಲ್ ನೋಡುತ್ತಾರೆ, ಎಸಿ ನೋಡುತ್ತಾರೆ. ಬಗ್ಗಿ ಈ ಪಟ್ಟಿಯ ಅಡಿಭಾಗ ನೋಡುವವರು ಕಡಿಮೆ. ಕಡಲ ಪಕ್ಕದ ಊರಲ್ಲಿ ಕಾರು ಇಟ್ಟುಕೊಂಡವರು ಮೊದಲು ನೋಡಬೇಕಾದದ್ದೇ ಅದನ್ನು.

ಯಾಕೆ ಅಂದರೆ, ಅದು ಅಲಂಕಾರದ ಅಂಚಲ್ಲ. ಲಾರಿಗೆ ಕೆಳಗೆ ಉಕ್ಕಿನ ಚಾಸಿ ಇರುತ್ತದೆ, ಬಾಡಿ ಅದರ ಮೇಲೆ ಕೂರುತ್ತದೆ. ಇವತ್ತಿನ ಬಹುತೇಕ ಕಾರುಗಳಿಗೆ ಹಾಗೆ ಬೇರೆ ಚಾಸಿ ಇಲ್ಲ. ನೆಲ, ಕಂಬಗಳು, ಸಿಲ್, ಸೂರು ಎಲ್ಲ ಸೇರಿ ಒಂದೇ ದೇಹ. 1922ರ ಲ್ಯಾನ್ಸಿಯಾ ಲ್ಯಾಂಬ್ಡಾ ಎಂಬ ಇಟಲಿಯ ಕಾರಿನಿಂದ ಶುರುವಾದ ಈ ದಾರಿಯಲ್ಲೇ ಫಿಯಾಟ್ 1100 ಬಂತು. ಅದರಿಂದ ನಮ್ಮ ಕುರ್ಲಾ ಕಾರ್ಖಾನೆಯ ಪ್ರೀಮಿಯರ್ ಪದ್ಮಿನಿ ಬಂತು. 2023ರ ಅಕ್ಟೋಬರ್ 30ಕ್ಕೆ ಮುಂಬಯಿ ರಸ್ತೆಯಿಂದ ಪದ್ಮಿನಿ ಟ್ಯಾಕ್ಸಿ ಪೂರ್ತಿ ಮರೆಯಾಯಿತು. ಹಳೇ ಪದ್ಮಿನಿಗಳಲ್ಲಿ ಓಡಾಡಿದವರಿಗೆ ಬಾಗಿಲ ಕೆಳಗೆ ತೇಪೆ ಹಾಕಿದ ತಗಡು ನೆನಪಿರಬಹುದು.

ಸಿಲ್ ಒಳಗೆ ಟೊಳ್ಳು. ಒಳಗಿನದೊಂದು ತಗಡು, ಹೊರಗಿನದೊಂದು, ಎಷ್ಟೋ ಕಾರುಗಳಲ್ಲಿ ನಡುವೆ ಬಲಕ್ಕೆ ಇನ್ನೊಂದು. ಒಂದೊಂದೂ ಸುಮಾರು ಒಂದು ಮಿಲಿಮೀಟರ್ ದಪ್ಪ. ಬಿಡಿಯಾಗಿ ಹಿಡಿದರೆ ಬಾಗುವ ತಗಡುಗಳೇ. ಆದರೆ ರಟ್ಟನ್ನು ಮಡಿಚಿ ಡಬ್ಬಿಯಾಗಿ ಅಂಟಿಸಿದರೆ ಹೇಗೆ ಗಟ್ಟಿಯಾಗುತ್ತದೋ ಹಾಗೆ ಇವೂ ಸೇರಿದಾಗ ತೊಲೆಯಾಗುತ್ತವೆ. ಒಂದು ಅಂಚು ಬಿಚ್ಚಿತೋ, ಬಲ ಹೋಯಿತು. ಆ ಅಂಚೇ ಕಾರಿನಡಿ ಕೆಳಮುಖವಾಗಿ ಚಾಚಿಕೊಂಡಿರುವ ತೆಳ್ಳನೆಯ ಏಣು. ತಗಡುಗಳನ್ನು ಅಲ್ಲಿ ಒತ್ತಿ, ಕೆಲವು ಸೆಂಟಿಮೀಟರಿಗೊಂದರಂತೆ ಸ್ಪಾಟ್ ವೆಲ್ಡ್, ಅಂದರೆ ಚುಕ್ಕಿ ಬೆಸುಗೆ, ಮಾಡಿರುತ್ತಾರೆ. ಬಹಳಷ್ಟು ಕಾರುಗಳಲ್ಲಿ ಜ್ಯಾಕ್ ಪಾಯಿಂಟ್ ಇರುವುದೂ ಅಲ್ಲೇ: ಮುಂದಿನ ಚಕ್ರದ ಹಿಂದೆ, ಹಿಂದಿನ ಚಕ್ರದ ಮುಂದೆ, ಚಿಕ್ಕ ಕಚ್ಚು ಅಥವಾ ಬಾಣದ ಗುರುತಿನ ನಡುವೆ.

ಪಕ್ಕದಿಂದ ಗುದ್ದು ಬಿದ್ದಾಗ ಈ ತೊಲೆಯ ಬೆಲೆ ಗೊತ್ತಾಗುತ್ತದೆ. ಹೊಸ ಕಾರುಗಳ ಸುರಕ್ಷತೆ ನೋಡಿ ಸ್ಟಾರ್ ಕೊಡುವ, 2023ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ಭಾರತ್ ಎನ್‌ಸಿಎಪಿ ಪರೀಕ್ಷೆಯಲ್ಲಿ ಕಾರನ್ನು ಗಂಟೆಗೆ 29 ಕಿಲೋಮೀಟರ್ ವೇಗದಲ್ಲಿ ಪಕ್ಕಕ್ಕೆ ಜಾರಿಸಿ ಕಂಬಕ್ಕೆ ಹೊಡೆಸುವ ಭಾಗವೂ ಇದೆ. ಕಂಬ ಒಳಗೆ ನುಗ್ಗದಂತೆ ತಡೆಯುವುದರಲ್ಲಿ ಸಿಲ್‌ನ ಪಾಲು ದೊಡ್ಡದು. ಕಾರಿಗೆ ಸಿಕ್ಕ ಸ್ಟಾರ್ ಹೊಸ ಸಿಲ್‌ಗೆ ಸಿಕ್ಕದ್ದು, ತೂತು ಬಿದ್ದ ಸಿಲ್‌ಗಲ್ಲ.

ಈಗ ಜ್ಯಾಕ್ ವಿಷಯಕ್ಕೆ ಬರೋಣ. ಸಣ್ಣ ಕಾರಿನ ಒಂದು ಮೂಲೆ ಎತ್ತಲು ಸುಮಾರು 300 ಕೆಜಿ ಭಾರ ಹೊರಬೇಕು ಅಂತಿಟ್ಟುಕೊಳ್ಳಿ. ಏಣಿನ ದಪ್ಪ ಎರಡೂವರೆ ಮಿಲಿಮೀಟರ್, ಜ್ಯಾಕ್ ತಾಗುವ ಉದ್ದ 4 ಸೆಂಟಿಮೀಟರ್. ಗುಣಿಸಿದರೆ ಬರುವುದು ಬರೀ ಒಂದು ಚದರ ಸೆಂಟಿಮೀಟರ್. ಅಷ್ಟು ಜಾಗದ ಮೇಲೆ 300 ಕೆಜಿ! ಏಣು ನೆಟ್ಟಗಿದ್ದರೆ ಹೇಗೋ ತಡೆಯುತ್ತದೆ. ಜ್ಯಾಕ್ ಸ್ವಲ್ಪ ವಾಲಿದರೆ ಮಡಿಚಿಕೊಳ್ಳುತ್ತದೆ. ಕಾರಿನ ಜೊತೆ ಬರುವ ಕತ್ತರಿ ಜ್ಯಾಕಿನ ತಲೆಯಲ್ಲಿ ಸೀಳು ಇರುವುದು ಇದಕ್ಕೇ. ಏಣು ಆ ಸೀಳಿನೊಳಗೆ ಕೂತು ಅಲ್ಲಾಡದೆ ನಿಲ್ಲುತ್ತದೆ. ಟೈರ್ ಅಂಗಡಿಯಲ್ಲಿ ಚಕ್ರಗಳ ಮೇಲೆ ಉರುಳಿಸಿ ತರುವ ಜ್ಯಾಕಿನ ತಲೆ ಚಪ್ಪಟೆ. ಅದನ್ನು ನೇರ ಏಣಿಗೆ ಕೊಟ್ಟರೆ ಏಣು ಸೊಟ್ಟಗಾಗುತ್ತದೆ. ನಡುವೆ ಸೀಳಿರುವ ದಪ್ಪ ರಬ್ಬರ್ ಪ್ಯಾಡ್ ಇಟ್ಟರೆ ಭಾರ ಏಣಿನ ಅಕ್ಕಪಕ್ಕದ ಅಗಲ ಜಾಗಕ್ಕೆ ಹಂಚಿಹೋಗುತ್ತದೆ. ಪ್ಯಾಡ್ 30 ಚದರ ಸೆಂಟಿಮೀಟರ್ ತಾಗಿದರೆ ಒತ್ತಡ ಚದರ ಸೆಂಟಿಮೀಟರಿಗೆ 10 ಕೆಜಿಗೆ ಇಳಿಯಿತು, ಅಲ್ವಾ? ದುಬಾರಿ ಸಾಮಾನಲ್ಲ. ಡಿಕ್ಕಿಯಲ್ಲಿ ಇಟ್ಟುಕೊಂಡು ಪಂಕ್ಚರ್ ಅಂಗಡಿಯವರ ಕೈಗೆ ನಾವೇ ಕೊಡಬೇಕು. ಎಲ್ಲಿ ಎತ್ತಬೇಕು ಅಂತ ಕಾರಿನ ಕೈಪಿಡಿಯ ಚಿತ್ರವನ್ನೂ ತೋರಿಸಬೇಕು. ಎಲೆಕ್ಟ್ರಿಕ್ ಕಾರಾದರೆ ಇದರಲ್ಲಿ ರಾಜಿಯೇ ಬೇಡ. ಎರಡು ಸಿಲ್‌ಗಳ ನಡುವೆ ಬ್ಯಾಟರಿ ಮಲಗಿರುತ್ತದೆ. ಜ್ಯಾಕ್ ಒಳಕ್ಕೆ ಜಾರಿದರೆ ಪೆಟ್ಟು ಬೀಳುವುದು ಅದಕ್ಕೆ.

ಏಣು ಸ್ವಲ್ಪ ಸೊಟ್ಟಗಾದರೆ ಏನಾಯಿತು, ಯಾರು ನೋಡುತ್ತಾರೆ ಅನ್ನಿಸಬಹುದು. ತೊಂದರೆ ಇರುವುದು ಸೊಟ್ಟದಲ್ಲಲ್ಲ, ಕಿತ್ತುಹೋದ ಬಣ್ಣದಲ್ಲಿ. ತಗಡನ್ನು ಕಾಯುವ ಬಣ್ಣದ ಪದರಗಳೆಲ್ಲ ಸೇರಿದರೂ ದಪ್ಪ ಸುಮಾರು 0.1 ಮಿಲಿಮೀಟರ್. ಏಣು ಮಡಿಚಿದಾಗ ಬಣ್ಣ ಬಿರಿಯುತ್ತದೆ. ತಗಡುಗಳ ನಡುವಿನ ಸಂದಿ ಮುಚ್ಚುವ ಸೀಲರ್ ಬಾಯಿಬಿಡುತ್ತದೆ. ಅಲ್ಲಿಗೆ ಉಪ್ಪು ಬರುತ್ತದೆ.

ಕಡಲ ಅಲೆ ಒಡೆದಾಗ ಹಾರುವ ಸಣ್ಣ ಹನಿಗಳು ಗಾಳಿಯಲ್ಲಿ ಊರೊಳಗೆ ಬರುತ್ತವೆ. ನೀರು ಆರಿದರೂ ಉಪ್ಪು ಉಳಿಯುತ್ತದೆ. ಗಾಳಿಯ ತೇವ ಸುಮಾರು ಶೇ. 75 ದಾಟಿದರೆ ಅಡುಗೆ ಉಪ್ಪು ಗಾಳಿಯಿಂದಲೇ ನೀರು ಹೀರಿ ಕರಗುತ್ತದೆ. ಕಡಲ ಉಪ್ಪಿನಲ್ಲಿರುವ ಮೆಗ್ನೀಸಿಯಮ್ ಕ್ಲೋರೈಡಿಗೆ ಶೇ. 33ರಷ್ಟು ತೇವವೂ ಸಾಕು. ಹಾಗಾಗಿ ಮಳೆ ನಿಂತ ದಿನವೂ ಮುಂಬಯಿ, ಗೋವಾಗಳಲ್ಲಿ ಕಾರಿನಡಿಯ ಉಪ್ಪು ಪೂರ್ತಿ ಒಣಗುವುದು ಅಪರೂಪ. ಬಣ್ಣ ತುಕ್ಕು ತಡೆಯುತ್ತದೋ ಇಲ್ಲವೋ ನೋಡಲು ಲ್ಯಾಬುಗಳಲ್ಲಿ ಶೇ. 5ರ ಉಪ್ಪುನೀರನ್ನು 35 ಡಿಗ್ರಿಯಲ್ಲಿ ಮಂಜಿನಂತೆ ಸಿಂಪಡಿಸುತ್ತಾರೆ. ಕಡಲ ಪಕ್ಕದ ಕಾರು ಅಂಥದೇ ಪರೀಕ್ಷೆಯನ್ನು ನಿಧಾನವಾಗಿ, ವರ್ಷಗಟ್ಟಲೆ ಎದುರಿಸುತ್ತದೆ.

ಇಲ್ಲಿ ನನಗೆ ತುಂಬ ಇಷ್ಟವಾದ ಒಂದು ಪ್ರಯೋಗ ಹೇಳಬೇಕು. ಕೇಂಬ್ರಿಜ್‌ನ ವಿಜ್ಞಾನಿ ಯೂಲಿಕ್ ಇವಾನ್ಸ್ ಕಬ್ಬಿಣದ ಮೇಲೆ ಉಪ್ಪುನೀರಿನ ಒಂದು ಹನಿ ಇಟ್ಟು ನೋಡಿದರು. ತುಕ್ಕಿಗೆ ಆಮ್ಲಜನಕ ಬೇಕು. ಹಾಗಾದರೆ ಗಾಳಿ ಹೆಚ್ಚು ಸಿಗುವ ಹನಿಯ ಅಂಚಿನಲ್ಲೇ ಕಬ್ಬಿಣ ಸವೆಯಬೇಕು ತಾನೆ? ಆದದ್ದು ಉಲ್ಟಾ. ಗಾಳಿ ಕಡಿಮೆ ಇರುವ ನಡುವಿನಲ್ಲಿ ಕಬ್ಬಿಣ ಕರಗಿತು. ಕಬ್ಬಿಣ ಬಿಟ್ಟುಕೊಟ್ಟ ಎಲೆಕ್ಟ್ರಾನುಗಳು ಲೋಹದೊಳಗೇ ಹರಿದು ಅಂಚಿಗೆ ಹೋದವು. ಅಲ್ಲಿ ಆಮ್ಲಜನಕ ಅವನ್ನು ತೆಗೆದುಕೊಂಡಿತು. ಅಂದರೆ ಒಂದೇ ಹನಿಯೊಳಗೆ ಒಂದು ಪುಟ್ಟ ಬ್ಯಾಟರಿ. ಉಪ್ಪು ಅದರ ಕರೆಂಟಿಗೆ ದಾರಿ ಸುಗಮ ಮಾಡುತ್ತದೆ.

ಇದನ್ನು ಸಿಲ್‌ನ ಏಣಿಗೆ ಹೊಂದಿಸಿ ನೋಡಿ. ಎರಡು ತಗಡುಗಳ ನಡುವಿನ ಸಂದಿಗೆ ನೀರು ಹೋಗುತ್ತದೆ, ಗಾಳಿ ಅಷ್ಟಾಗಿ ಹೋಗುವುದಿಲ್ಲ. ಹಾಗಾಗಿ ಲೋಹ ಕರಗುವುದು ಸಂದಿಯ ಆಳದಲ್ಲಿ. ತುಕ್ಕು ಮೂಲ ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಜಾಗ ತಿನ್ನುವುದರಿಂದ ತಗಡುಗಳನ್ನು ಒಳಗಿನಿಂದಲೇ ದೂರ ತಳ್ಳುತ್ತದೆ. ಸಂದಿ ದೊಡ್ಡದಾಗುತ್ತದೆ, ಇನ್ನಷ್ಟು ನೀರು ಹೋಗುತ್ತದೆ. ಹೊರಗೆ ಬಣ್ಣದ ಸಣ್ಣ ಗುಳ್ಳೆ ಕಾಣುವಷ್ಟರಲ್ಲಿ ಒಳಗೆ ಹಾನಿ ಬಹಳ ಮುಂದುವರಿದಿರಬಹುದು. ನಿಂತ ನೀರಲ್ಲಿ ಮುಳುಗಿದ ಕಾರಿನ ಕತೆಯೂ ಇದೇ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಹಾಗೆ ಮುಳುಗಿದ ಕಾರಿನ ಸೀಟು ಒಣಗಿಸಿದರೆ ಸಾಲದು. ಸಿಲ್‌ನೊಳಗಿನ ಕೆಸರು, ಕಾರ್ಪೆಟ್ಟಿನ ಕೆಳಗಿನ ಸ್ಪಂಜು ಎರಡನ್ನೂ ನೋಡಬೇಕು.

ಸಿಲ್‌ನ ಅಡಿಯಲ್ಲಿ ನೀರು ಇಳಿಯಲು ಸಣ್ಣ ತೂತುಗಳಿರುತ್ತವೆ. ಅವು ಮುಚ್ಚಿಕೊಂಡರೆ ಸಿಲ್ ನೀರಿನ ತೊಟ್ಟಿಯೇ. ಮೇ ತಿಂಗಳಲ್ಲಿ ಮೆತ್ತನೆಯ ಪ್ಲಾಸ್ಟಿಕ್ ಕಡ್ಡಿಯಿಂದ ಬಿಡಿಸಿ. ಮಳೆಗಾಲ ಮುಗಿದ ಮೇಲೆ ಅಡಿಭಾಗವನ್ನು ಸಿಹಿನೀರಲ್ಲಿ ಚೆನ್ನಾಗಿ ತೊಳೆಸಿ. ಇನ್ನು ಆ್ಯಂಟಿ ರಸ್ಟ್ ಕೋಟಿಂಗ್ ಅಂತ ಕಪ್ಪಗೆ ಬಳಿಯುತ್ತಾರಲ್ಲ, ಹೊಸ ಶುದ್ಧ ತಗಡಿನ ಮೇಲೆ ಅದು ಒಳ್ಳೆಯದೇ. ತುಕ್ಕಿನ ಮೇಲೆ ಸುಮ್ನೆ ಬಳಿದರೆ ತೇವವನ್ನು ಒಳಗೆ ಕಟ್ಟಿಹಾಕಿದಂತೆ. ಎಷ್ಟೋ ಸಲ ನೀರಿಳಿಯುವ ತೂತುಗಳೂ ಅದರಡಿ ಮುಚ್ಚಿಹೋಗುತ್ತವೆ. ಟೊಳ್ಳಿನೊಳಗೆ ಉದ್ದ ನಳಿಗೆಯಿಂದ ಸಿಂಪಡಿಸುವ ಮೇಣ ನನ್ನ ಮಟ್ಟಿಗೆ ಹೆಚ್ಚು ಉಪಯೋಗದ್ದು. ಅದು ಸಂದಿಗಳಿಗೆ ಹರಿದು ನೀರನ್ನು ದೂರವಿಡುತ್ತದೆ.

ಏಣು ಬರೀ ಬಾಗಿದ್ದರೆ ಅಗಲ ಬಾಯಿಯ ಇಕ್ಕಳದಿಂದ ಸ್ವಲ್ಪ ಸ್ವಲ್ಪವೇ ನೆಟ್ಟಗೆ ಮಾಡಿ, ಕೆರೆದು, ಎಪಾಕ್ಸಿ ಪ್ರೈಮರ್, ಸೀಲರ್, ಬಣ್ಣ ಹಚ್ಚಿದರೆ ಮುಗಿಯಿತು. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದಾಗ ಕರಕರ ಸದ್ದು ಬಂದರೆ, ಒತ್ತಿದರೆ ಕುಸಿದರೆ, ಅಲ್ಲಿ ಜ್ಯಾಕ್ ಕೊಡಲೇಬೇಡಿ. ಪುಟ್ಟಿ ತುಂಬಿ ಬಣ್ಣ ಹೊಡೆದು ಕೊಡುತ್ತೇವೆ ಅನ್ನುವವರಿಗೆ ಬೇಡ ಅನ್ನಿ. ಪುಟ್ಟಿ ಭಾರ ಹೊರುವುದಿಲ್ಲ. ಗಟ್ಟಿ ತಗಡು ಸಿಗುವವರೆಗೆ ಕೊಯ್ದು ತೆಗೆಯಬೇಕು, ಅಷ್ಟೇ ದಪ್ಪದ ಹೊಸ ಪತ್ರಾವನ್ನು ಚಿಕ್ಕ ಚಿಕ್ಕ ವೆಲ್ಡ್‌ಗಳಲ್ಲಿ ಕೂರಿಸಬೇಕು. ಅದಕ್ಕೆ ಮೊದಲು ಬ್ಯಾಟರಿ ಬಿಚ್ಚಬೇಕು, ಕಾರ್ಪೆಟ್ ತೆಗೆಯಬೇಕು, ಅಕ್ಕಪಕ್ಕದಲ್ಲಿ ಪೆಟ್ರೋಲ್ ಮತ್ತು ಬ್ರೇಕ್ ಪೈಪುಗಳು ಎಲ್ಲಿ ಹೋಗುತ್ತವೆ ನೋಡಬೇಕು. ವೆಲ್ಡಿನ ಬಿಸಿಗೆ ಒಳಗಿನ ಬಣ್ಣ ಸುಟ್ಟುಹೋಗಿರುತ್ತದೆ. ಹಾಗಾಗಿ ಮೇಣದ ಕೆಲಸ ಕೊನೆಗೆ.

ಡೆಂಟರ್ ಹತ್ತಿರ ಇನ್ನೊಂದು ವಿಷಯ ಮೊದಲೇ ಮಾತಾಡಿಕೊಳ್ಳಿ. ಸಿಲ್ ಕೊಯ್ಯುವಾಗ ಕಾರು ಸರಿಯಾದ ಆಧಾರದ ಮೇಲೆ ಸಮವಾಗಿ ನಿಂತಿರಬೇಕು. ಇಲ್ಲದಿದ್ದರೆ ದೇಹ ನಡುವಿನಲ್ಲಿ ಜಗ್ಗುತ್ತದೆ, ವೆಲ್ಡ್ ಮಾಡಿದಾಗ ಆ ಜಗ್ಗು ಹಾಗೇ ಉಳಿದುಬಿಡುತ್ತದೆ. ಕೊಯ್ಯುವ ಮುಂಚೆ ಬಾಗಿಲ ಸುತ್ತಲಿನ ಸಂದಿಯನ್ನು ಅಳೆದು ಬರೆದಿಡಲು ಹೇಳಿ. ಕೆಲಸದ ನಡುವೆಯೂ, ಮುಗಿದ ಮೇಲೂ ಬಾಗಿಲು ಮುಚ್ಚಿ ಅದೇ ಅಳತೆ ಬರುತ್ತದಾ ಅಂತ ನೋಡಲಿ.